ಓದು ಬಂದರೆ ಎಚ್‌ಐವಿ ಕಡಿಮೆಯಾಗುತ್ತದಾ? ಉತ್ತರ ಕನ್ನಡದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಚ್‌ಐವಿ ಬಗ್ಗೆ ಮಾತಾಡುವಾಗ ಜನ ಕೇಳುವ ಪ್ರಶ್ನೆಗಳು ಇವು. ಸಂಘದ ಸಭೆಗಳಲ್ಲಿ, ಕಾಲೇಜುಗಳಲ್ಲಿ, ಬಂದರಿನಲ್ಲಿ ಕೇಳಿದ್ದು. ಕೆಲವನ್ನು ಎಲ್ಲರ ಎದುರೇ ಕೇಳುತ್ತಾರೆ. ಜಾಸ್ತಿ ಪ್ರಶ್ನೆಗಳು ಮಾತ್ರ ಸಭೆ ಮುಗಿದ ಮೇಲೆ, ಚಾ ಕುಡಿಯುವಾಗ, ಪಕ್ಕಕ್ಕೆ ಕರೆದು ಕೇಳುವಂಥವು.

ನಮ್ಮ ಜಿಲ್ಲೆಯಲ್ಲಿ ಓದಿದವರು ಜಾಸ್ತಿ. ಹಾಗಾದರೆ ನಮಗೆ ಎಚ್‌ಐವಿ ಚಿಂತೆ ಇಲ್ಲ ಅಲ್ವಾ?

ಓದಿದವರು ಜಾಸ್ತಿ ಅನ್ನುವುದು ನಿಜ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಸಾಕ್ಷರತೆ ಶೇಕಡಾ 84. ಇಡೀ ರಾಜ್ಯದ್ದು ಶೇಕಡಾ 75ರ ಆಸುಪಾಸು. ಚಿಂತೆ ಇಲ್ಲ ಅನ್ನುವುದು ಮಾತ್ರ ಸರಿಯಲ್ಲ.

ಮಿಜೋರಾಂ ನೋಡಿ. ಅದೇ ಜನಗಣತಿಯಲ್ಲಿ ಅಲ್ಲಿನ ಸಾಕ್ಷರತೆ ಶೇಕಡಾ 91ಕ್ಕಿಂತ ಜಾಸ್ತಿ, ಕೇರಳ, ಲಕ್ಷದ್ವೀಪಗಳ ಸಾಲಿನಲ್ಲೇ ನಿಲ್ಲುವ ರಾಜ್ಯ. ದೇಶದಲ್ಲಿ ಎಚ್‌ಐವಿ ಪ್ರಮಾಣ ಎಲ್ಲಕ್ಕಿಂತ ಜಾಸ್ತಿ ಇರುವುದೂ ಅಲ್ಲೇ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, 2021ಕ್ಕೆ ಮಾಡಿದ ಅಂದಾಜಿನಲ್ಲಿ ದೇಶದ ವಯಸ್ಕರಲ್ಲಿ ಎಚ್‌ಐವಿ ಇದ್ದವರು ಶೇಕಡಾ 0.21. ಮಿಜೋರಾಂನಲ್ಲಿ ಶೇಕಡಾ 2.70. ಅಲ್ಲಿ ಮ್ಯಾನ್ಮಾರ್ ಗಡಿ ದಾಟಿ ಡ್ರಗ್ಸ್ ಬರುತ್ತದೆ, ಒಂದೇ ಸಿರಿಂಜನ್ನು ಹಲವರು ಹಂಚಿಕೊಳ್ಳುತ್ತಾರೆ, ಅಲ್ಲಿಂದ ಸೋಂಕು ಗಂಡ ಹೆಂಡತಿಯರ ನಡುವೆಯೂ ಹರಡುತ್ತದೆ. ಇತ್ತ ಕೇರಳದಲ್ಲೂ ಓದಿದವರು ಜಾಸ್ತಿ, ಅಲ್ಲಿ ಎಚ್‌ಐವಿ ದೇಶದ ಸರಾಸರಿಗಿಂತ ತುಂಬಾ ಕಡಿಮೆ. ಬಿಹಾರ ಸಾಕ್ಷರತೆಯಲ್ಲಿ ಹಿಂದೆ, ಆದರೂ ಪ್ರಮಾಣ ಮಿಜೋರಾಂನ ಹತ್ತಿರಕ್ಕೂ ಬರುವುದಿಲ್ಲ.

ಹಾಗಾಗಿ ಸಾಕ್ಷರತೆಯ ಪಟ್ಟಿ ಒಂದನ್ನೇ ಹಿಡಿದು ಎಚ್‌ಐವಿ ಲೆಕ್ಕ ಹಾಕಲು ಬರುವುದಿಲ್ಲ. ಸೋಂಕು ಯಾವ ದಾರಿಯಲ್ಲಿ ಬರುತ್ತಿದೆ, ಆ ದಾರಿಯ ಬಗ್ಗೆ ಊರಿನಲ್ಲಿ ಬಾಯಿಬಿಟ್ಟು ಮಾತಾಡುತ್ತಾರಾ, ಇವೆರಡನ್ನು ಮೊದಲು ನೋಡಬೇಕು.

ಹಾಗಾದರೆ ಓದಿಗೂ ಎಚ್‌ಐವಿಗೂ ಸಂಬಂಧವೇ ಇಲ್ವಾ?

ಇದೆ. ಆದರೆ ಕಾಲಕ್ಕೆ ತಕ್ಕ ಹಾಗೆ ಬದಲಾಗುವ ಸಂಬಂಧ.

ಆಫ್ರಿಕಾದ ಹಲವು ದೇಶಗಳಲ್ಲಿ ಸೋಂಕು ಹೊಸದಾಗಿ ಹರಡಿದಾಗ ಓದಿದವರಲ್ಲೇ ಜಾಸ್ತಿ ಕಂಡಿತು. ಓದಿದವನಿಗೆ ಕೆಲಸ ಸಿಗುತ್ತದೆ, ಕೈಯಲ್ಲಿ ದುಡ್ಡು ಓಡಾಡುತ್ತದೆ, ಊರೂರು ತಿರುಗುತ್ತಾನೆ, ಸಂಗಾತಿಗಳು ಜಾಸ್ತಿಯಾಗುತ್ತಾರೆ. ಆಗ ರೋಗದ ಬಗ್ಗೆ ಯಾರಿಗೂ ಗೊತ್ತಿರಲಿಲ್ಲ, ಓದಿ ತಿಳಿದುಕೊಳ್ಳಲು ಏನೂ ಇರಲಿಲ್ಲ. ವರ್ಷಗಳು ಕಳೆದು ಮಾಹಿತಿ ಹರಿದಾಡಲು ಶುರುವಾದಾಗ ಅದನ್ನು ಮೊದಲು ಹಿಡಿದುಕೊಂಡವರೂ ಓದಿದವರೇ. ಅವರಲ್ಲಿ ಹೊಸ ಸೋಂಕು ಇಳಿಯಿತು. ಕಡಿಮೆ ಓದಿದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಅಷ್ಟು ಬೇಗ ಇಳಿಯಲಿಲ್ಲ.

ಬೋಟ್ಸ್ವಾನಾದ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಓದುಬರಹ ಬಲ್ಲವರೇ ಬಹುಪಾಲು, ಆದರೂ ವಯಸ್ಕರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಎಚ್‌ಐವಿ. ಅದೇ ದೇಶ 1996ರಲ್ಲಿ ಪ್ರೌಢಶಾಲೆಯ ವ್ಯವಸ್ಥೆ ಬದಲಿಸಿತು. ಅದರಿಂದ ಬಹಳಷ್ಟು ಮಕ್ಕಳು ಒಂದು ವರ್ಷ ಜಾಸ್ತಿ ಶಾಲೆಯಲ್ಲಿ ಉಳಿದರು. ಆ ಮಕ್ಕಳು ದೊಡ್ಡವರಾದ ಮೇಲೆ ಲೆಕ್ಕ ಹಾಕಿದರೆ, ಪ್ರೌಢಶಾಲೆಯಲ್ಲಿ ಜಾಸ್ತಿ ಕಳೆದ ಪ್ರತಿ ವರ್ಷಕ್ಕೂ ಸೋಂಕು ತಗುಲುವವರು ನೂರಕ್ಕೆ ಸುಮಾರು 8 ಜನ ಕಡಿಮೆಯಾಗಿದ್ದರು. ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹೆಣ್ಣುಮಕ್ಕಳಿಗೆ ಸಿಕ್ಕ ಲಾಭ ಇನ್ನೂ ದೊಡ್ಡದು.

ಅಂದರೆ ದೇಶ ದೇಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಓದಿನಿಂದ ಏನೂ ಉಪಯೋಗವಿಲ್ಲ ಅನ್ನಿಸಬಹುದು. ಒಂದೇ ಊರಿನ ಇಬ್ಬರು ಹುಡುಗಿಯರನ್ನು ನೋಡಿದರೆ, ಶಾಲೆಯಲ್ಲಿ ಉಳಿದವಳ ಅಪಾಯ ಬಿಟ್ಟವಳದ್ದಕ್ಕಿಂತ ಕಡಿಮೆ.

ಕರ್ನಾಟಕದಲ್ಲಿ ಪ್ರಮಾಣ ದೇಶದ ಸರಾಸರಿಗಿಂತ ಜಾಸ್ತಿ ಯಾಕೆ?

2021ರ ಅಂದಾಜಿನಲ್ಲಿ ನಮ್ಮ ರಾಜ್ಯದ್ದು ಶೇಕಡಾ 0.46, ದೇಶದ ಸರಾಸರಿಯ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ರಾಜ್ಯದಲ್ಲಿ ಸಾಕ್ಷರತೆ ಎಲ್ಲಕ್ಕಿಂತ ಕಡಿಮೆ ಇದ್ದದ್ದು ಯಾದಗಿರಿಯಲ್ಲಿ. ಆದರೆ ಎಚ್‌ಐವಿ ಮಾತು ಬಂದಾಗ ವರ್ಷಗಟ್ಟಲೆ ಮೊದಲು ಕೇಳಿಬಂದ ಹೆಸರು ಬಾಗಲಕೋಟೆ, ಬೆಳಗಾವಿಯದು. ಅಲ್ಲಿ ದೇವದಾಸಿ ಪದ್ಧತಿ ಬಿಟ್ಟುಹೋದ ಬಡತನ ಇತ್ತು. ಮುಂಬೈ, ಸಾಂಗ್ಲಿ ಕಡೆಗೆ ದುಡಿಯಲು ಹೋಗಿಬರುವವರ ಸಾಲು ಇತ್ತು. ಹೆದ್ದಾರಿ ಇತ್ತು. ಇಂಥ ಕಡೆ ಓದು ಬಾರದ್ದು ಕಷ್ಟವನ್ನು ಹೆಚ್ಚಿಸಿತು ನಿಜ, ಆದರೆ ಸೋಂಕನ್ನು ತಂದದ್ದು ಬಡತನ ಮತ್ತು ಹೊಟ್ಟೆಪಾಡಿನ ಅಲೆದಾಟ. ಸಮಾಧಾನದ ವಿಷಯ ಏನೆಂದರೆ, ರಾಜ್ಯದಲ್ಲಿ ಸೋಂಕಿನ ಪ್ರಮಾಣ ಇಪ್ಪತ್ತು ವರ್ಷಗಳಿಂದ ಇಳಿಯುತ್ತಾ ಬಂದಿದೆ.

ಓದು ಬರುವುದು, ಆರೋಗ್ಯದ ಅರಿವು ಇರುವುದು, ಎರಡೂ ಒಂದೇ ಅಲ್ವಾ?

ಅಲ್ಲ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಜನಗಣತಿಯವರು ಕೇಳುವುದು ಇಷ್ಟೇ: ಏಳು ವರ್ಷ ದಾಟಿದ್ದೀರಾ, ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಿ ಬರೆಯಲು ಬರುತ್ತದಾ? ಬಂದರೆ ನೀವು ಸಾಕ್ಷರರು. ಸೊಸೈಟಿಯ ಪಾಸ್‌ಬುಕ್ ಓದುವವರೂ, ಬಸ್ಸಿನ ಬೋರ್ಡು ಓದುವವರೂ ಆ ಲೆಕ್ಕದಲ್ಲಿ ಬರುತ್ತಾರೆ. ರಕ್ತ ಪರೀಕ್ಷೆಯ ಚೀಟಿ ಕೊಟ್ಟರೆ ಅದರಲ್ಲಿ ಏನಿದೆ ಎಂದು ಎಷ್ಟು ಜನ ಹೇಳಬಲ್ಲರು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೇರೆ ರೀತಿಯಲ್ಲಿ ಕೇಳುತ್ತದೆ. ಪ್ರತಿ ಸಲ ಕಾಂಡೋಮ್ ಬಳಸಿದರೆ ಅಪಾಯ ಕಡಿಮೆ ಎಂದು ಗೊತ್ತಾ? ಸೋಂಕಿಲ್ಲದ, ನಿಮ್ಮೊಬ್ಬರ ಜೊತೆಗೇ ಇರುವ ಸಂಗಾತಿ ಇದ್ದರೆ ಅಪಾಯ ಕಡಿಮೆ ಎಂದು ಗೊತ್ತಾ? ನೋಡಲು ಗಟ್ಟಿಮುಟ್ಟಾಗಿ ಇರುವವರಿಗೂ ಎಚ್‌ಐವಿ ಇರಬಹುದು ಎಂದು ಗೊತ್ತಾ? ಜೊತೆಗೆ ಜನರಲ್ಲಿ ತುಂಬಾ ಹರಡಿರುವ ಎರಡು ತಪ್ಪು ನಂಬಿಕೆಗಳನ್ನು ತಪ್ಪು ಎಂದು ಹೇಳಬೇಕು. ಎಲ್ಲಕ್ಕೂ ಸರಿ ಉತ್ತರ ಕೊಟ್ಟರೆ ಮಾತ್ರ ಪೂರ್ತಿ ಅರಿವು ಇದೆ ಎಂದು ಲೆಕ್ಕ. 2019ರಿಂದ 2021ರವರೆಗೆ ನಡೆದ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ಶೇಕಡಾ 21.6, ಗಂಡಸರಲ್ಲಿ ಶೇಕಡಾ 30.7 ಜನ ಮಾತ್ರ ಇದರಲ್ಲಿ ಪಾಸಾದರು. ದೇಶದ ಮುಕ್ಕಾಲು ಪಾಲು ಜನಕ್ಕೆ ಓದು ಬರುತ್ತದೆ, ಎಚ್‌ಐವಿ ಬಗ್ಗೆ ಸರಿಯಾಗಿ ಗೊತ್ತಿರುವವರು ಕಾಲು ಪಾಲು. ನಡುವಿನ ಈ ದೊಡ್ಡ ಗುಂಪಿನಲ್ಲಿ ನಮ್ಮ ಡಿಗ್ರಿ ಹುಡುಗರೂ ಇದ್ದಾರೆ, ಸಂಘದ ಲೆಕ್ಕ ಬರೆಯುವ ಅಕ್ಕಂದಿರೂ ಇದ್ದಾರೆ.

ಸೊಳ್ಳೆ ಕಚ್ಚಿದರೆ, ಒಂದೇ ಬಾಳೆಯಲ್ಲಿ ಊಟ ಮಾಡಿದರೆ ಬರುತ್ತದಾ?

ಇಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಈ ವೈರಸ್ ಬೆಳೆಯುವುದೇ ಇಲ್ಲ. ಊಟ, ನೀರು, ಕೆಮ್ಮು, ಮುಟ್ಟುವುದು, ಒಂದೇ ಬಚ್ಚಲು ಬಳಸುವುದು, ಯಾವುದರಿಂದಲೂ ಬರುವುದಿಲ್ಲ. ಬರುವ ದಾರಿ ನಾಲ್ಕೇ: ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಬೇರೆಯವರು ಬಳಸಿದ ಸೂಜಿ, ತಾಯಿಯಿಂದ ಮಗುವಿಗೆ.

ಶಾಲೆ ಪುಸ್ತಕದಲ್ಲಿ ಪಾಠ ಇದೆಯಲ್ಲ, ಸಾಲದಾ?

ಪಾಠ ಇದೆ. ಅದನ್ನು ಹೇಗೆ ಮಾಡುತ್ತಾರೆ ಎಂದು ಮಕ್ಕಳನ್ನೇ ಕೇಳಿ. ಘಟ್ಟದ ಮೇಲಿನ ಒಂದು ಹೈಸ್ಕೂಲಿನಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದಳು: "ಅಕ್ಕೋರೆ, ಆ ಪಾಠ ಮನೆಯಲ್ಲಿ ಓದಿಕೊಳ್ಳಿ ಅಂದಿದ್ದಾರೆ. ಮನೆಯಲ್ಲಿ ತೆಗೆದರೆ ಆಯಿ ಪುಸ್ತಕ ಮುಚ್ಚು ಅನ್ನುತ್ತಾಳೆ." ಅವಳಿಗೆ ಓದಲು ಚೆನ್ನಾಗಿ ಬರುತ್ತದೆ. ಪುಟವೂ ಕೈಯಲ್ಲೇ ಇದೆ. ಅದನ್ನು ಓದುವ ಜಾಗ ಮಾತ್ರ ಅವಳಿಗೆ ಎಲ್ಲೂ ಇಲ್ಲ.

2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ಹಲವು ರಾಜ್ಯಗಳಲ್ಲಿ ವಿರೋಧ ಎದ್ದಿತು. ಕರ್ನಾಟಕವೂ ಆಗ ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ಒಂದು. ಆ ಹಿಂಜರಿಕೆ ಇನ್ನೂ ಹೋಗಿಲ್ಲ. ಕಾಲೇಜುಗಳಲ್ಲಿ ಎಚ್‌ಐವಿ ಜಾಗೃತಿಗೆ ರೆಡ್ ರಿಬ್ಬನ್ ಕ್ಲಬ್ ಇರುತ್ತದೆ. ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ಜಾಥಾ, ಪ್ರಬಂಧ ಸ್ಪರ್ಧೆ ಆಗುತ್ತದೆ. ಒಳ್ಳೆಯದೇ. ಆದರೆ ಬಹುಮಾನ ಪಡೆದ ಪ್ರಬಂಧದಲ್ಲಿ ಕಾಂಡೋಮ್ ಎನ್ನುವ ಪದವೇ ಇಲ್ಲದಿದ್ದರೆ ಆ ಹುಡುಗ ಕಲಿತದ್ದು ಏನು? ಮಾಸ್ತರರು, ಅಕ್ಕೋರುಗಳು ಸಹಜವಾಗಿ, ನಾಚಿಕೆ ಇಲ್ಲದೆ ಆ ಪದ ಹೇಳಿದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಇದನ್ನು ನಾನು ಎಲ್ಲಾ ಶಾಲೆಗಳಲ್ಲೂ ಕೈಮುಗಿದು ಕೇಳುತ್ತೇನೆ.

ಓದು ಬಾರದವರಿಗೆ ಇದನ್ನೆಲ್ಲ ತಿಳಿಸಲು ಆಗುತ್ತದಾ?

ಖಂಡಿತ ಆಗುತ್ತದೆ. ದೇಶದಲ್ಲಿ ಗೆದ್ದ ಕೆಲಸಗಳಲ್ಲಿ ಎದ್ದು ಕಾಣುವುದು ಅಂಥವರ ನಡುವೆ ನಡೆದದ್ದೇ. ಕೋಲ್ಕತ್ತಾದ ಸೋನಾಗಾಚಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಅವರು ಲೈಂಗಿಕ ಕಾರ್ಯಕರ್ತೆಯರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. ಬಹಳ ಜನಕ್ಕೆ ಓದು ಬರುತ್ತಿರಲಿಲ್ಲ. ಅವರೇ ಮನೆ ಮನೆಗೆ ಹೋಗಿ, ತಮ್ಮ ಗೆಳತಿಯರಿಗೆ ತಮ್ಮದೇ ಮಾತಿನಲ್ಲಿ ಹೇಳಿದರು. ಕಾಂಡೋಮ್ ಬಳಕೆ ಏರಿತು. ಆಮೇಲೆ ಅವರೇ ನಮಗೂ ಅಕ್ಷರ ಕಲಿಸಿ ಎಂದು ಕೇಳಿದರು. ಅಲ್ಲಿ ಅರಿವು ಮೊದಲು ಬಂತು, ಅಕ್ಷರ ಅದರ ಹಿಂದೆ ಬಂತು. ಕರ್ನಾಟಕದಲ್ಲೂ ಇದೇ ದಾರಿಯಲ್ಲಿ ಕೆಲಸ ನಡೆದಿದೆ.

ನಮ್ಮಲ್ಲೇ ಉದಾಹರಣೆ ಬೇಕಾದರೆ ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರನ್ನು ನೆನೆಯಿರಿ. ಶಾಲೆಗೆ ಹೋದವರಲ್ಲ. ಹಾಲಕ್ಕಿ ಸಮುದಾಯದ ಹಾಡುಗಳ ಭಂಡಾರವೇ ಅವರ ಬಾಯಲ್ಲಿತ್ತು. ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತರು. 2017ರಲ್ಲಿ ಪದ್ಮಶ್ರೀ ಬಂತು. ಊರಿನವರು ನಂಬುವ ಒಬ್ಬರು ಹೇಳಿದರೆ ಮಾತು ಎಷ್ಟು ದೂರ ಹೋಗುತ್ತದೆ ಎಂದು ಈ ಜಿಲ್ಲೆಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ವಿಷಯ. ಕಾರವಾರದ ಬೈತಖೋಲ ಬಂದರಿಗೆ ಹೋಗಿ ನೋಡಿ. ಬೋಟುಗಳಲ್ಲಿ ದುಡಿಯುವ ಹುಡುಗರಲ್ಲಿ ಒಡಿಶಾದವರು, ಜಾರ್ಖಂಡದವರು ಎಷ್ಟೋ ಜನ ಇದ್ದಾರೆ. ಅಲ್ಲಿ ಕನ್ನಡದ ಪೋಸ್ಟರ್ ಅಂಟಿಸಿದರೆ, ಹತ್ತನೇ ಕ್ಲಾಸು ಪಾಸಾದ ಒಡಿಯಾ ಹುಡುಗನೂ ಅದರ ಮುಂದೆ ಓದು ಬಾರದವನೇ. ನಮ್ಮ ಕರಾವಳಿಯಲ್ಲಿ ಕೊಂಕಣಿ ಇದೆ, ಭಟ್ಕಳದಲ್ಲಿ ನವಾಯತಿ ಇದೆ, ಕಾರವಾರದ ಕಡೆ ಮರಾಠಿ ಓದುವ ಹಿರಿಯರಿದ್ದಾರೆ. ಯಾವ ಭಾಷೆಯಲ್ಲಿ ಹೇಳಬೇಕು ಎನ್ನುವುದನ್ನು ಮೊದಲು ಯೋಚಿಸಬೇಕು.

ಬೋಟಿನವರು, ಲಾರಿಯವರು, ಗೋವಾಕ್ಕೆ ಕೆಲಸಕ್ಕೆ ಹೋಗುವವರು ತರುತ್ತಾರಂತೆ, ಹೌದಾ?

ಹೀಗೆ ಬೆರಳು ತೋರಿಸುವುದನ್ನು ದಯವಿಟ್ಟು ನಿಲ್ಲಿಸೋಣ. ಮನೆ ಬಿಟ್ಟು ತಿಂಗಳುಗಟ್ಟಲೆ ದೂರ ಇರುವವರಿಗೆ ಅಪಾಯದ ಸಂದರ್ಭಗಳು ಜಾಸ್ತಿ, ಅದು ನಿಜ. ಆದರೆ ಸೋಂಕು ಬರುವುದು ಅಸುರಕ್ಷಿತ ಸಂಪರ್ಕದಿಂದ, ಕಸುಬಿನಿಂದ ಅಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಶಿರಸಿಯ ಹುಡುಗನೂ ಮನೆಯಿಂದ ದೂರವೇ ಇದ್ದಾನಲ್ಲ? ಅವನ ಬಗ್ಗೆ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಬೆರಳು ತೋರಿಸಿಕೊಂಡವರು ಪರೀಕ್ಷೆಗೆ ಬರುವುದನ್ನೇ ಬಿಡುತ್ತಾರೆ. ಉಳಿದವರು ನಮಗೇನೂ ಆಗಲ್ಲ ಎಂದು ಸುಮ್ನೆ ಕೂರುತ್ತಾರೆ. ಎರಡೂ ಕೆಟ್ಟದ್ದೇ.

ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧದ ಸಮಯ ಬೋಟುಗಳೆಲ್ಲ ದಡದಲ್ಲಿ ಇರುತ್ತವೆ. ಊರಿನ ಮೀನುಗಾರರಿಗೆ ಕೈಯಲ್ಲಿ ಸ್ವಲ್ಪ ಪುರುಸೊತ್ತು ಇರುತ್ತದೆ. ಆರೋಗ್ಯ ಶಿಬಿರಕ್ಕೆ ಅದೇ ಒಳ್ಳೆಯ ಕಾಲ. ಹೊರರಾಜ್ಯದ ಹುಡುಗರಿಗಾದರೆ ಆಗಸ್ಟಿನಲ್ಲಿ ಬೋಟು ಮತ್ತೆ ಸಮುದ್ರಕ್ಕೆ ಇಳಿಯುವ ಹೊತ್ತಿಗೆ ಹೋಗಬೇಕು.

ಹೆಂಗಸರು ಓದಿದ್ದರೆ ಏನು ವ್ಯತ್ಯಾಸ?

ನಮ್ಮ ಜಿಲ್ಲೆಯಲ್ಲಿ 2011ಕ್ಕೆ ಗಂಡಸರ ಸಾಕ್ಷರತೆ ಶೇಕಡಾ 90ರ ಹತ್ತಿರ ಇತ್ತು, ಹೆಂಗಸರದ್ದು 78ರ ಆಸುಪಾಸು. ಅಂತರ ಸಣ್ಣದಲ್ಲ. ಮದುವೆಯಾದ ಹೆಂಗಸಿಗೆ ಸೋಂಕು ಬಂದರೆ ಹೆಚ್ಚಿನ ಸಲ ಅದು ಗಂಡನಿಂದಲೇ. ಅವಳಿಗೆ ಎಲ್ಲವೂ ಗೊತ್ತಿದ್ದರೂ "ಕಾಂಡೋಮ್ ಹಾಕಿ" ಎಂದು ಗಂಡನಿಗೆ ಹೇಳುವುದು ಸುಲಭವಲ್ಲ. ಹೇಳಿದರೆ, ನನ್ನ ಮೇಲೆ ಅನುಮಾನವಾ ಎನ್ನುವ ಜಗಳ. ಓದು ಅವಳಿಗೆ ಇಲ್ಲಿ ಎರಡು ರೀತಿ ನೆರವಾಗುತ್ತದೆ. ಮದುವೆ ಸ್ವಲ್ಪ ತಡವಾಗುತ್ತದೆ. ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಹಾಗಾಗಿ ಮಾತಿಗೆ ತೂಕ ಬರುತ್ತದೆ. ಆದರೆ ಗಂಡಸರಿಗೆ ಅರಿವು ಕೊಡದೆ, ಹೆಂಗಸರ ಸಭೆಯಲ್ಲಿ ಮಾತ್ರ ಕಾಂಡೋಮ್ ಬಗ್ಗೆ ಹೇಳಿ ಬಂದರೆ ಏನು ಪ್ರಯೋಜನ?

ಗರ್ಭಿಣಿಗೆ ಎಚ್‌ಐವಿ ಇದ್ದರೆ ಮಗುವಿಗೂ ಬಂದೇ ಬರುತ್ತದಾ?

ಇಲ್ಲ. ಏನೂ ಚಿಕಿತ್ಸೆ ಇಲ್ಲದಿದ್ದರೆ ಮಗುವಿಗೆ ಬರುವ ಸಾಧ್ಯತೆ ಶೇಕಡಾ 15ರಿಂದ 45. ತಾಯಿ ಸಮಯಕ್ಕೆ ಸರಿಯಾಗಿ ಮಾತ್ರೆ ತೆಗೆದುಕೊಂಡು, ಹುಟ್ಟಿದ ಮಗುವಿಗೂ ಔಷಧಿ ಕೊಟ್ಟರೆ ಶೇಕಡಾ 5ಕ್ಕಿಂತ ಕೆಳಗೆ ಇಳಿಯುತ್ತದೆ. ಅದಕ್ಕೇ ತಾಯಿ ಕಾರ್ಡ್ ಮಾಡಿಸುವಾಗಲೇ ರಕ್ತ ಪರೀಕ್ಷೆಗೆ ಹೇಳುತ್ತಾರೆ. ಬಾಣಂತನಕ್ಕೆ ತವರಿಗೆ ಹೋಗುವಾಗ ಕಾರ್ಡ್ ಮರೆಯಬೇಡಿ, ಮಾತ್ರೆಯನ್ನೂ ನಡುವೆ ಬಿಡಬೇಡಿ.

ಮಾತ್ರೆ ಸರಿಯಾಗಿ ತೆಗೆದುಕೊಳ್ಳಲು ಓದು ಬರಬೇಕಾ?

2004ರ ಏಪ್ರಿಲ್‌ನಿಂದ ಸರ್ಕಾರ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ, ಸೋಂಕು ಗೊತ್ತಾದ ಕೂಡಲೇ ಎಲ್ಲರಿಗೂ ಚಿಕಿತ್ಸೆ ಶುರು. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಅದರೊಳಗೆ ಮೂರು ಔಷಧಿಗಳಿರುತ್ತವೆ. ಬಿಡದೆ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಹಾಗೆ ಇದ್ದಷ್ಟು ದಿನ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಈ ಒಂದು ಮಾತು ಊರಿನ ಎಲ್ಲರಿಗೂ ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಕುಮಟಾ ಕಡೆಯ ಒಬ್ಬ ಅಮ್ಮನಿಗೆ ಅಕ್ಷರ ಬರುವುದಿಲ್ಲ. ರಾತ್ರಿ ಟಿವಿಯಲ್ಲಿ ಅವರು ನೋಡುವ ಧಾರಾವಾಹಿ ಮುಗಿದ ಕೂಡಲೇ ಮಾತ್ರೆ ನುಂಗುತ್ತಾರೆ. ಭಾನುವಾರ ಧಾರಾವಾಹಿ ಇಲ್ಲ, ಅವತ್ತು ಸೊಸೆ ನೆನಪಿಸುತ್ತಾಳೆ. ವರ್ಷಗಳಿಂದ ತಪ್ಪಿಸಿಲ್ಲ. ಘಟ್ಟದ ಮೇಲೆ ಇನ್ನೊಬ್ಬರು ಇದ್ದಾರೆ, ಡಿಗ್ರಿ ಓದಿದವರು. ಮಾತ್ರೆಯ ಡಬ್ಬಿ ಮನೆಗೆ ಬಂದ ಕೂಡಲೇ ಬಚ್ಚಲುಮನೆಗೆ ಹೋಗಿ ಬಿಸಿನೀರಿನಲ್ಲಿ ನೆನೆಸಿ, ಉಗುರಿನಿಂದ ಅದರ ಚೀಟಿಯನ್ನು ಕೆರೆದು ತೆಗೆಯುತ್ತಾರೆ. ಅಂಟು ಉಳಿದರೆ ತೆಂಗಿನೆಣ್ಣೆ ಹಚ್ಚಿ ಉಜ್ಜುತ್ತಾರೆ. ಯಾಕೆಂದರೆ ಆ ಮನೆಯಲ್ಲಿ ಎಲ್ಲರಿಗೂ ಓದಲು ಬರುತ್ತದೆ. ನೆಂಟರು ಬಂದ ದಿನ ಡಬ್ಬಿ ತೆಗೆಯಲು ಆಗುವುದಿಲ್ಲ, ಅವತ್ತಿನ ಮಾತ್ರೆ ತಪ್ಪುತ್ತದೆ. ಓದಿದ ಮನೆಯಲ್ಲಿ ನಾವು ಮಾಡಬೇಕಾದ ಕೆಲಸ ಯಾವುದು ಎಂದು ಆ ಡಬ್ಬಿ ನೋಡಿದರೆ ಗೊತ್ತಾಗುತ್ತದೆ.

ಮೊಬೈಲಿನಲ್ಲೇ ಎಲ್ಲಾ ಸಿಗುತ್ತದಲ್ಲ, ಸಭೆ ಗಿಭೆ ಯಾಕೆ?

ಮೊಬೈಲಿನಲ್ಲಿ ಸರಿಯಾದದ್ದೂ ಸಿಗುತ್ತದೆ, ಏಡ್ಸ್ ಪೂರ್ತಿ ವಾಸಿ ಮಾಡುತ್ತೇವೆ ಎನ್ನುವ ಸುಳ್ಳು ವಿಡಿಯೋಗಳೂ ಸಿಗುತ್ತವೆ. ಅಂಥದ್ದನ್ನು ನಂಬಿ ಮಾತ್ರೆ ಬಿಟ್ಟವರಲ್ಲಿ ಚೆನ್ನಾಗಿ ಓದಿದವರೂ ಇದ್ದಾರೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ ಇದೆ, ಪೂರ್ತಿ ತೆಗೆದುಹಾಕುವ ಕಷಾಯ, ಪುಡಿ ಯಾವುದೂ ಇಲ್ಲ. ಅನುಮಾನ ಬಂದರೆ 1097ಕ್ಕೆ ಫೋನ್ ಮಾಡಿ. ಉಚಿತ, ಹೆಸರು ಹೇಳಬೇಕಾಗಿಲ್ಲ.

ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡೆ. ಏನಾದರೂ ಆಗುತ್ತದಾ?

ಶಿರಸಿ ಮಾರಿಕಾಂಬಾ ಜಾತ್ರೆ ಬಂದ ವರ್ಷ ಹುಡುಗರು ಇದನ್ನು ಕೇಳುತ್ತಾರೆ. ಒಂದೇ ಸೂಜಿಯನ್ನು ಹಲವರಿಗೆ ಚುಚ್ಚಿದರೆ ಅಪಾಯ ಇದೆ. ಎಚ್‌ಐವಿಗಿಂತ ಹೆಪಟೈಟಿಸ್ ಬಿ, ಸಿ ಹರಡುವ ಸಾಧ್ಯತೆ ಜಾಸ್ತಿ. ಹೊಸ ಸೂಜಿಯನ್ನು ನಿಮ್ಮ ಕಣ್ಣೆದುರೇ ಬಿಚ್ಚಲಿ. ಕ್ಷೌರದಂಗಡಿಯಲ್ಲೂ ಹೊಸ ಬ್ಲೇಡ್ ಕೇಳಿ, ಸಂಕೋಚ ಬೇಡ.

ಪರೀಕ್ಷೆ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುವುದಿಲ್ವಾ? ಕೆಲಸ ಹೋದರೆ?

ಈ ಪ್ರಶ್ನೆಯನ್ನು ಜಾಸ್ತಿ ಕೇಳುವವರು ಓದಿದವರೇ. ಕಳೆದುಕೊಳ್ಳಲು ಅವರಿಗೆ ಹೆಸರು, ನೌಕರಿ, ಮಕ್ಕಳ ಮದುವೆ ಎಲ್ಲವೂ ಕಣ್ಣಮುಂದೆ ಬರುತ್ತದೆ. ಕಾರವಾರದವರು ಗೋವಾಕ್ಕೂ, ಶಿರಸಿಯವರು ಹುಬ್ಬಳ್ಳಿಗೂ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬರುತ್ತಾರೆ. ಹಾಗೆ ಹೋದರೂ ತಪ್ಪಿಲ್ಲ. ಪರೀಕ್ಷೆ ಆಗುವುದು ಮುಖ್ಯ.

ಕಾನೂನು ನಿಮ್ಮ ಕಡೆ ಇದೆ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಪಾಸಾಗಿ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಶಾಲೆಗೆ ಸೇರಿಸದಿರುವುದು, ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡದಿರುವುದು, ಬಾಡಿಗೆ ಮನೆಯಿಂದ ಎಬ್ಬಿಸುವುದು ಎಲ್ಲವೂ ತಪ್ಪು. ದೂರು ಕೇಳಲು ರಾಜ್ಯದಲ್ಲಿ ಒಂಬುಡ್ಸ್‌ಮನ್ ಇರಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಇದನ್ನು ಓದಬಲ್ಲವರು, ಓದಲಾರದ ಪಕ್ಕದ ಮನೆಯವರಿಗೆ ಹೇಳಬೇಕು.

ಪರೀಕ್ಷೆ ಎಲ್ಲಿ, ಯಾವಾಗ ಮಾಡಿಸಬೇಕು?

ಕಾರವಾರದ ಕ್ರಿಮ್ಸ್ ಜಿಲ್ಲಾ ಆಸ್ಪತ್ರೆಯಲ್ಲಿ, ತಾಲೂಕು ಆಸ್ಪತ್ರೆಗಳಲ್ಲಿ ಐಸಿಟಿಸಿ, ಅಂದರೆ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ, ಎನ್ನುವ ಕೋಣೆ ಕೇಳಿ. ಅಲ್ಲಿ ಆಪ್ತ ಸಮಾಲೋಚಕರು ಇರುತ್ತಾರೆ. ಮೊದಲು ಮಾತಾಡುತ್ತಾರೆ, ಆಮೇಲೆ ರಕ್ತ ತೆಗೆಯುತ್ತಾರೆ, ಫಲಿತಾಂಶ ಬಂದ ಮೇಲೆ ಮತ್ತೆ ಕೂತು ಮಾತಾಡುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ಒಂದು ಕಿಟ್‌ನಲ್ಲಿ ಪಾಸಿಟಿವ್ ಬಂದ ಕೂಡಲೇ ತೀರ್ಮಾನ ಮಾಡುವುದಿಲ್ಲ, ಬೇರೆ ಬೇರೆ ಮೂರು ಕಿಟ್‌ಗಳಲ್ಲಿ ಖಚಿತ ಮಾಡಿಕೊಳ್ಳುತ್ತಾರೆ.

ಅಪಾಯದ ಸಂಪರ್ಕ ಆದ ಮರುದಿನವೇ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂತು ಎಂದು ಸಮಾಧಾನ ಪಡಬೇಡಿ. ರಕ್ತದಲ್ಲಿ ಕಾಣಿಸಲು ಸಮಯ ಬೇಕು. ಮೂರು ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಮಾಡಿಸಿ, ಅಲ್ಲಿಯವರೆಗೆ ಕಾಂಡೋಮ್ ಬಳಸಿ, ರಕ್ತದಾನ ಮಾಡಬೇಡಿ. ಬೇರೆಯವರಿಗೆ ಬಳಸಿದ ಸೂಜಿ ಚುಚ್ಚಿದ್ದರೆ, ಅತ್ಯಾಚಾರ ಆಗಿದ್ದರೆ ಕಾಯುವುದು ಬೇಡ. ಸೋಂಕು ತಗುಲದಂತೆ ತಡೆಯಲು 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳುವ ಮಾತ್ರೆ ಇದೆ, ಮೊದಲ ಕೆಲವೇ ಗಂಟೆಗಳಲ್ಲಿ ಶುರುವಾದರೆ ಇನ್ನೂ ಒಳ್ಳೆಯದು. ರಾತ್ರಿಯಾಗಿದ್ದರೂ ತುರ್ತು ವಿಭಾಗಕ್ಕೇ ಹೋಗಿ ಕೇಳಿ.